ಮರಳುಗುಂಡಿಯ ಏಳು ಮನೆಗಳು

ಸಮುದ್ರದಿಂದ ಕೂಗಳತೆಯಲ್ಲಿ ಹೆಂಗಸೊಬ್ಬಳು ಮರಳು ತೋಡಿ, ಒಸರಿದ ನೀರನ್ನು ಚಿಪ್ಪಿನಲ್ಲಿ ಮೊಗೆದು ಕೊಡಕ್ಕೆ ತುಂಬುತ್ತಿದ್ದಳು. ಅದು ಕುಡಿಯುವ ನೀರೆಂದು ನಂಬಲು ನನಗೆ ಹೊತ್ತು ಹಿಡಿಯಿತು. ಮೈಸೂರಿನಲ್ಲಿದ್ದಾಗ ನೀರಿನ ಬಗ್ಗೆ ನಾನು ಯೋಚಿಸಿದ್ದೇ ಇಲ್ಲ. ಇಲ್ಲಿ, ಮದ್ರಾಸಿನ ಮೀನುಗಾರರ ಕೇರಿ ಕಾಸಿಮೇಡಿನಲ್ಲಿ, ಇಂಥ ಮರಳಿನ ಒರತೆಗೆ ‘ಊತ್ತು’ ಎನ್ನುತ್ತಾರೆ.

ಐವತ್ತರ ದಶಕದ ಕೊನೆಯಲ್ಲಿ ಸಂಖ್ಯಾಶಾಸ್ತ್ರ ಓದಿ, ಸಮೀಕ್ಷೆಯ ಕಚೇರಿಯೊಂದಕ್ಕೆ ಸೇರಲು ಮದ್ರಾಸಿಗೆ ಬಂದಿದ್ದೆ. ತ್ರಿಪ್ಲಿಕೇನಿನ ಹೆಂಗಸರ ಹಾಸ್ಟೆಲಿನಲ್ಲಿ ಕನ್ನಡ ಬಲ್ಲವರಿರಲಿಲ್ಲ. ಭಾನುವಾರಗಳಲ್ಲಿ ಊರಿನ ಹಳೆಯ ಕಾಗದಗಳನ್ನೇ ಮತ್ತೆ ಮತ್ತೆ ಓದುತ್ತಿದ್ದೆ.

ನೀರು ತುಂಬುತ್ತಿದ್ದವಳ ಹೆಸರು ಅಂಜಲೈ. ಸಮೀಕ್ಷೆಯ ಹಾಳೆ ಹಿಡಿದು ಎಷ್ಟು ಮಕ್ಕಳೆಂದು ಹರಕು ತಮಿಳಿನಲ್ಲಿ ಕೇಳಿದೆ.

“ಮೂಣು. ಇಪ್ಪೋ ಒಣ್ಣು,” ಅಂದಳು. ಮೂರಿದ್ದವು, ಈಗ ಒಂದು. ವಾಂತಿಭೇದಿ.

ಕಚೇರಿಯಲ್ಲಿ ನನ್ನ ಮೇಲಧಿಕಾರಿ ರಾಘವಾಚಾರ್, ನಾಲ್ಕು ತಲೆಮಾರಿನಿಂದ ಮದ್ರಾಸಿನಲ್ಲಿದ್ದ ಕನ್ನಡಿಗರು. ಮನೆಗಳನ್ನು ಅವು ಬಳಸುವ ನೀರಿನ ಪ್ರಕಾರ ನಲ್ಲಿ, ಬಾವಿ, ಊತ್ತು ಎಂದು ಮೂರು ಗುಂಪು ಮಾಡಿದ್ದೆವು. ಮನೆಯಲ್ಲಿ ಮಗು ಸತ್ತದ್ದಕ್ಕೂ ಆ ಮನೆಯ ನೀರಿಗೂ ನಂಟಿದೆಯೇ ಎಂದು ಕೈ-ಸ್ಕ್ವೇರ್ ಎಂಬ ಸಂಖ್ಯಾಶಾಸ್ತ್ರದ ಪರೀಕ್ಷೆಯಿಂದ ನೋಡಬೇಕಿತ್ತು. ಆದರೆ ಊತ್ತಿನ ಮನೆಗಳು ಏಳೇ. ಅಷ್ಟು ಕಡಿಮೆ ಎಣಿಕೆಯಿದ್ದಾಗ ಆ ಪರೀಕ್ಷೆಯನ್ನು ನಂಬುವಂತಿಲ್ಲ.

“ಊತ್ತನ್ನ ಬಾವಿ ಜೊತೆ ಸೇರ್ತು ಬಿಡಮ್ಮ. ಸೀಕ್ರಂ ಮುಗೀತದೆ,” ಅಂದರು. ಬೇಗ ಮುಗಿಯುತ್ತದೆ ಎಂದರ್ಥ.

“ಸೇರಿಸಿದ್ರೆ ಆ ಮಕ್ಕಳ ಸಾವು ಬಾವಿಯವರ ಗುಂಪಲ್ಲಿ ಮುಚ್ಚಿಹೋಗುತ್ತೆ ಸಾರ್. ಸಣ್ಣ ಎಣಿಕೆಗೆ ಬೇರೆ ವಿಧಾನ ಇದೆ. ಒಂದೊಂದು ಸಾಧ್ಯತೆಯನ್ನೂ ಕೈಯಲ್ಲೇ ಲೆಕ್ಕ ಹಾಕ್ಬೇಕು. ನಾಲ್ಕು ದಿನ ಕೊಡಿ.”

“ನಾಳೆ ರಿಪೋರ್ಟ್ ಪೋಗಣುಂ.” ಹೋಗಲೇಬೇಕು.

ಸೇರಿಸಿದೆ, ನನ್ನ ಕೈಯಿಂದಲೇ. ನೀರಿಗೂ ಸಾವಿಗೂ ನಂಟು ಕಾಣುವುದಿಲ್ಲ ಎಂದು ವರದಿ ಹೋಯಿತು. ಅದನ್ನು ನೋಡಿ ಮಾಡಿದ ಹೊಸ ನಲ್ಲಿಗಳ ಪಟ್ಟಿಯಲ್ಲಿ ಅಂಜಲೈಯ ಕೇರಿ ಇರಲಿಲ್ಲ.

ಆಮೇಲೆ ನಾಲ್ಕು ದಿನ ಕೂತು ಆ ಇನ್ನೊಂದು ಲೆಕ್ಕ ಹಾಕಿದೆ. ಆಕಸ್ಮಿಕವೆಂದು ತಳ್ಳಿಹಾಕುವಂಥ ಸಾವುಗಳಾಗಿರಲಿಲ್ಲ ಅವು. ರಾಘವಾಚಾರ್ ಹಾಳೆಯ ಲೆಕ್ಕವನ್ನು ಸಾಲುಸಾಲಾಗಿ ತಾಳೆ ನೋಡಿದರು. “ನೀ ಸೊನ್ನದೇ ಸರಿಯಮ್ಮ,” ಎಂದು ನನ್ನ ಮಾತನ್ನು ಒಪ್ಪಿ, ತಾವೇ ತಿದ್ದುಪಡಿ ಬರೆದು ಕಳಿಸಿದರು. ಉತ್ತರ ಬರಲಿಲ್ಲ.

ನಾನು ಮತ್ತೆ ಕಾಸಿಮೇಡಿಗೆ ಹೋಗುವಷ್ಟರಲ್ಲಿ ಅಂಜಲೈಯ ಕೊನೆಯ ಮಗುವೂ ಹೋಗಿತ್ತು. ತಪ್ಪೊಪ್ಪಿಕೊಳ್ಳಲು ತಮಿಳು ಹುಡುಕಿದೆ, ಸಿಗಲಿಲ್ಲ. ಅವಳು ಬಾಗಿಲಲ್ಲಿ ಪಕ್ಕಕ್ಕೆ ಸರಿದು, “ಉಕ್ಕಾರುಮ್ಮಾ,” ಕೂತುಕೋ, ಅಂದಳು. ಕೂತೆ.

ಮರುವರ್ಷ ರಜೆಗೆ ಮೈಸೂರಿಗೆ ಹೋದೆ. ಮದ್ರಾಸಿನಲ್ಲಿ ನಾನಿನ್ನೂ ‘ಮೈಸೂರು ಪೊಣ್ಣು’, ಮೈಸೂರಿನ ಹುಡುಗಿ. ಇಲ್ಲಿ ನೋಡಿದರೆ, ನನ್ನ ಕನ್ನಡ ಕೆಟ್ಟುಹೋಯಿತೆಂದು ಅಮ್ಮನ ಕೊರಗು.

“ಕೆಲಸ ಬಿಟ್ಟು ಬಂದ್ಬಿಡೇ. ಅಲ್ಲೇನಿದೆ ನಿಂಗೆ?”

“ನಮ್ಮೂರಿಗೆ ಇನ್ನೂ ನಲ್ಲಿ ಬಂದಿಲ್ಲಮ್ಮ.”

“ಯಾವೂರಿಗೆ?” ಎಂದು ಅವಳು ಕೇಳಿದಾಗಲೇ ನಾನು ಆಡಿದ್ದು ನನಗೆ ಕೇಳಿಸಿದ್ದು.