ಅತ್ತೆಯ ಜಾಗಕ್ಕೆ ನನ್ನನ್ನು ಕರೆದರು

ಕಳೆದ ವಾರ ಸಿಂಗಾನಲ್ಲೂರು ಬಸ್ ನಿಲ್ದಾಣದಲ್ಲಿ ಸೈಕಲ್ಲಿನವನೊಬ್ಬ ಸುಕ್ಕು ಕಾಫಿ ಮಾರುತ್ತಿದ್ದ. ಒಣಶುಂಠಿ, ಬೆಲ್ಲದ ಆ ವಾಸನೆಗೆ ಅನ್ನೂರಿನ ಸೋದರತ್ತೆ ನೆನಪಾದರು. ಅಪ್ಪನ ಅಕ್ಕ.

ಹೆಣ್ಣು ನೋಡುವುದಿರಲಿ, ಹೊಲ ಪಾಲು ಮಾಡುವುದಿರಲಿ, ನಮ್ಮ ಮನೆತನದವರು ಮೊದಲು ಅತ್ತೆಯನ್ನು ಕೇಳುತ್ತಿದ್ದರು. ಜಗಲಿಯಲ್ಲಿ ಊರಿನ ತಮಿಳಿನಲ್ಲಿ ಜಗಳ ಬಿಡಿಸಿ, ಒಳಗೆ ಬಂದು ನಮ್ಮ ಮನೆಮಾತು ಕನ್ನಡದಲ್ಲಿ ಗೊಣಗಿಕೊಳ್ಳುತ್ತಿದ್ದರು...

ಮದುವೆಯಾದ ಎರಡನೇ ವರ್ಷ ನಾನು ಗಂಡನ ಮನೆ ಬಿಟ್ಟು ಬಂದೆ. ತೋಳಿನ ಬಾಸುಂಡೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದೆ. ಅಪ್ಪ ಮರುದಿನ ಅನ್ನೂರಿಗೆ, ಅತ್ತೆಯ ಬಳಿಗೆ ಕಳಿಸಿದರು. ಅತ್ತೆ ಸುಕ್ಕು ಕಾಫಿ ಕೊಟ್ಟರು, ತಲೆ ಬಾಚಿ ಜಡೆ ಹೆಣೆದರು. ಏನಾಯಿತೆಂದು ಕೇಳಲಿಲ್ಲ. ಮಧ್ಯಾಹ್ನ ತಾವೇ ಗಂಡನ ಊರಿನ ಬಸ್ ಹತ್ತಿಸಿದರು.

"ಹೋಗು ನನ್ನ ಕಣ್ಣು, ಎಲ್ಲಾ ಶರಿಯಾಗ್ತದೆ."

ಸರಿಯಾಗಲಿಲ್ಲ. ಶಾಲೆಯಲ್ಲಿ ಪಾಠ ಹೇಳಿದೆ, ಮನೆಗೆ ಬಂದು ಅಡುಗೆ ಮಾಡಿದೆ... ಇಪ್ಪತ್ತಾರು ವರ್ಷ ಅಷ್ಟೇ. ಗಂಡ ತೀರಿಕೊಂಡ ಹದಿಮೂರನೇ ದಿನ ಅತ್ತೆ ಪಕ್ಕದಲ್ಲಿ ಕೂತು ಹೇಳಿದರು: "ಅವತ್ತು ನೀ ಬರೋ ಮುಂಚೇನೆ ನಿಮ್ಮಪ್ಪ ಬಂದಿದ್ದ, ವಾಪಸ್ ಕಳಿಸ್ಬಿಡು ಅಂದ. ನಿನ್ನ ಒಂದು ಮಾತೂ ನಾ ಕೇಳ್ಲಿಲ್ಲ."

ಕೋಪ ಬರಬೇಕಿತ್ತು. ಬರಲಿಲ್ಲ. "ಊಟ ಮಾಡಿ ಅತ್ತೆ" ಎಂದೆ. ಅಪ್ಪ ಆಗಲೇ ತೀರಿಕೊಂಡಿದ್ದರು, ಆ ವರ್ಷವೇ ಅತ್ತೆಯೂ ಹೋದರು.

ಕಳೆದ ವಾರ ಆ ಬಸ್ ನಿಲ್ದಾಣದಿಂದ ಮನೆಗೆ ಬಂದರೆ ನನ್ನ ತಮ್ಮ ವೀಳ್ಯದೆಲೆ, ಹಣ್ಣಿನ ತಟ್ಟೆ ಹಿಡಿದು ಕಾಯುತ್ತಿದ್ದ.

"ಅಕ್ಕಾ, ಇನ್ಮೇಲೆ ಅತ್ತೆ ಜಾಗದಲ್ಲಿ ನೀನೇ. ಎಲ್ರೂ ಒಪ್ಪಿದ್ದಾರೆ. ಮೊದ್ಲು ನನ್ನ ಮಗಳಿಗೆ ಕೊಂಚ ಬುದ್ಧಿ ಹೇಳು."

ಅವಳು ತಿರುಪ್ಪೂರಿನ ಗಂಡನ ಮನೆಯಿಂದ ಬಂದು ಹತ್ತು ದಿನವಾಗಿತ್ತಂತೆ.

"ಏನಂತ ಹೇಳ್ಲಿ?"

"ವಾಪಸ್ ಹೋಗು ಅಂತ."

ಎರಡು ದಿನ ಆ ತಟ್ಟೆಯನ್ನು ಮುಟ್ಟಲಿಲ್ಲ. ಬೇಡವೆಂದರೆ ಮನೆಯವರು ಇನ್ನೊಬ್ಬರನ್ನು ಹುಡುಕುತ್ತಾರೆ, ಆ ಇನ್ನೊಬ್ಬರು ಅವಳಿಗೆ ಹೋಗು ಎನ್ನುತ್ತಾರೆ. ಮೂರನೇ ದಿನ ತಮ್ಮನಿಗೆ ಫೋನ್ ಮಾಡಿದೆ. "ಒಪ್ತೀನಿ. ಆದ್ರೆ ಮೊದ್ಲು ಅವಳ ಮಾತು ಕೇಳ್ತೀನಿ. ಅವಳು ಹೋಗಲ್ಲ ಅಂದ್ರೆ ನಿಮಗೂ ಅದನ್ನೇ ಹೇಳ್ತೀನಿ."

"ಆಗ್ಲಿ" ಎಂದ.

ಇವತ್ತು ಬೆಳಿಗ್ಗೆ ಅವಳು ಬಂದಳು. ಏನಾಯಿತೆಂದು ಕೇಳಿದೆ. ಊಟದ ಹೊತ್ತಿನವರೆಗೂ ಹೇಳಿದಳು, ಅತ್ತಳು, ಹೋಗುವುದಿಲ್ಲ ಎಂದಳು. ನನಗೆ ಅಳು ಬರಲಿಲ್ಲ. ಈಗ ಅವಳು ಒಳಗೆ ಮಲಗಿದ್ದಾಳೆ. ಸಂಜೆ ತಮ್ಮನಿಗೆ ಹೇಳಬೇಕು.

ನನಗೇನಾಗಿತ್ತು ಎಂದು ಕೇಳಬೇಕಾಗಿದ್ದವರು ಮಾತ್ರ ಒಬ್ಬರೂ ಉಳಿದಿಲ್ಲ.