ದುಗ್ಗಪ್ಪನ ಹಳೇದು-ಹೊಸದು ಪುಸ್ತಕ

ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಬಗ್ಗೆ ಏನೇನೂ ಗೊತ್ತಿಲ್ಲದವರು ಇಬ್ಬರಿದ್ದೆವು. ಒಬ್ಬ ನಾನು, ಕನ್ನಡ ಮೇಷ್ಟ್ರು. ಇನ್ನೊಬ್ಬರು ಪ್ರಿನ್ಸಿಪಾಲ್ ಕೃಷ್ಣಪ್ರಸಾದ್. ನನಗೆ ಗೊತ್ತಿಲ್ಲ ಎಂಬುದು ನನಗೆ ಗೊತ್ತಿತ್ತು, ಅಷ್ಟೇ ವ್ಯತ್ಯಾಸ. ಗೊತ್ತಿದ್ದವರು ಬಿ.ಸಿ.ಎ. ವಿಭಾಗದಲ್ಲಿ ಐದು ಜನ. ಎಲ್ಲರೂ ಡಿಗ್ರಿಯ ಮೇಲೆ ಡಿಗ್ರಿ ಮಾಡಿಕೊಂಡವರು. ಆದರೆ ಬರೆದ ಪ್ರೋಗ್ರಾಂ ಓಡದೆ ಯಂತ್ರ ಹಟ ಹಿಡಿದು ಕೂತಾಗ ಆ ಐವರೂ ಬಾಗಿಲ ಕಡೆ ತಿರುಗಿ ದುಗ್ಗಪ್ಪನನ್ನು ಕೂಗುತ್ತಿದ್ದರು.

ದುಗ್ಗಪ್ಪ ಲ್ಯಾಬಿನ ಅಟೆಂಡರ್. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಊರು ಮಾಸ್ತಿಕಟ್ಟೆ. ದಿನಾ ಬೆಳಿಗ್ಗೆ ಮೊದಲ ಬಸ್ಸಿಗೆ ಹೊಸನಗರಕ್ಕೆ ಬಂದು, ಲ್ಯಾಬಿನ ಬೀಗ ತೆಗೆದು, ಮೂವತ್ತು ಕಂಪ್ಯೂಟರುಗಳ ಧೂಳು ಒರೆಸಿ, ನೀರಿನ ಕ್ಯಾನು ತುಂಬಿಸಿಡುವುದು ಅವನ ಕೆಲಸ ಎಂದು ನೇಮಕದ ಆದೇಶದಲ್ಲಿದೆ. ಪ್ರೋಗ್ರಾಂ ಬರೆಯಲು ಒಂದು ಸಾಲೂ ಬಾರದು. ಬರುತ್ತಿದ್ದದ್ದು ಒಂದೇ ವಿದ್ಯೆ, ರಿಜಿಸ್ಟ್ರಿ ತಿದ್ದುವುದು.

ಹಾಗೆಂದರೇನು ಎಂದು ನಾನೊಮ್ಮೆ ಕೇಳಿದ್ದೆ.

"ಎಂತ ಇಲ್ಲ ಸಾರ್," ಎಂದ. "ಈ ವಿಂಡೋಸು ಯಾವ್ಯಾವ್ದಕ್ಕೆ ಹೆಂಗೆಂಗೆ ನಡ್ಕೋಬೇಕು ಅಂತ ಒಳಗೆ ಒಂದು ಕಡೆ ಬರ್ಕೊಂಡಿರುತ್ತೆ. ಇಲ್ಲಿ ಸೊನ್ನೆ, ಅಲ್ಲಿ ಒಂದು, ಹಂಗೆ. ಎಲ್ಲೋ ಒಂದ್ಕಡೆ ಸೊನ್ನೆ ಇರೋ ಜಾಗದಲ್ಲಿ ಒಂದು ಇರ್ಬೇಕಾಗಿರುತ್ತೆ. ಹುಡುಕಿ ಹಾಕಿದ್ರೆ ಆಯ್ತು."

ಹುಡುಕಬೇಕಾದ ಜಾಗಗಳು ಲಕ್ಷಗಟ್ಟಲೆ ಇವೆ ಎಂಬುದನ್ನು ಅವನು ಹೇಳಲಿಲ್ಲ. ಅದನ್ನು ಆಮೇಲೆ ಹೇಳಿದವರು ಅಮಿತಾ ಮೇಡಂ, ಬಿ.ಸಿ.ಎ. ವಿಭಾಗದ ಮುಖ್ಯಸ್ಥೆ.

ವಿದ್ಯೆ ಸಿಕ್ಕಿದ್ದು ಇಪ್ಪತ್ತು ವರ್ಷದ ಹಿಂದೆ. ಶಿವಮೊಗ್ಗದಿಂದ ಬಂದ ರಿಪೇರಿಯವನೊಬ್ಬ ಒಂದು ಸೊನ್ನೆಯನ್ನು ಒಂದು ಮಾಡಿ, ಟೀ ಕುಡಿದು ಹೊರಟುಹೋದ. ಟೀ ತಂದು ನಿಂತಿದ್ದ ದುಗ್ಗಪ್ಪನಿಗೆ ಅವನ ಜಾಣತನಕ್ಕಿಂತ ಹೆಚ್ಚಾಗಿ ಕಂಡದ್ದು, ಹಿಂದೆ ಏನಿತ್ತೆಂದು ಆತ ಎಲ್ಲೂ ಬರೆದಿಡಲಿಲ್ಲ ಎಂಬುದು. ದುಗ್ಗಪ್ಪನ ಅಪ್ಪ ಜಯಪ್ಪ ಅಣೆಕಟ್ಟಿನಲ್ಲಿ ಗೇಟಿನ ಕೆಲಸಕ್ಕಿದ್ದವರು. ಗೇಟು ಮುಟ್ಟುವ ಮೊದಲು ಅದು ಎಷ್ಟು ತೆರೆದಿತ್ತು, ಈಗ ಎಷ್ಟು ತೆರೆದೆ, ಯಾಕೆ, ಯಾವಾಗ ವಾಪಸ್ ಇಳಿಸಬೇಕು, ಇಷ್ಟನ್ನೂ ಪುಸ್ತಕದಲ್ಲಿ ಬರೆಯಬೇಕು. ಪುಟಗಳಿಗೆ ಮೊದಲೇ ನಂಬರು ಹಾಕಿರಬೇಕು, ಹರಿಯುವ ಹಾಗಿಲ್ಲ. ಬರೆಯದೆ ತಿರುಗಿಸಿದವನು ಕೆಳಗಿನ ಊರಿನವರ ಪಾಲಿಗೆ ಕಳ್ಳ ಎಂದು ಜಯಪ್ಪ ಹೇಳುತ್ತಿದ್ದರಂತೆ.

ಮಗ ಅದನ್ನೇ ಕಂಪ್ಯೂಟರಿಗೆ ತಂದ. ಒಂದು ಉದ್ದ ನೋಟ್‌ಬುಕ್ಕು, ಕೆಂಪು ಶಾಯಿಯಲ್ಲಿ ಪುಟಸಂಖ್ಯೆ. ದಿನ, ಯಂತ್ರ, ಹಳೇದು, ಹೊಸದು, ಯಾಕೆ, ವಾಪಸ್, ಹೀಗೆ ಆರು ಅಂಕಣ. ವಾಪಸ್ ಹಾಕಬೇಕಾದದ್ದನ್ನು ಹಾಕಿದ ಮೇಲೆ ಎದುರಿಗೆ ಒಂದು ರೈಟ್ ಗುರುತು. ಹುಡುಗರು ಅದನ್ನು ಹಳೇದು-ಹೊಸದು ಪುಸ್ತಕ ಎನ್ನುತ್ತಿದ್ದರು, ಬೆನ್ನ ಹಿಂದೆ ನಗುತ್ತಲೂ ಇದ್ದರು.

ಒಂದು ಉದಾಹರಣೆ ಹೇಳಬೇಕು. ನಮ್ಮ ಕಡೆಯವರಿಗೆ ಹೆಸರು ಕೇಳಿದರೆ ಬರೀ ಹೆಸರು ಹೇಳಿ ಅಭ್ಯಾಸವಿಲ್ಲ. ಊರು, ಮನೆ, ಅಪ್ಪನ ಹೆಸರು ಎಲ್ಲ ಬಂದ ಮೇಲೆ ಕೊನೆಗೆ ತನ್ನದು. ಹುಡುಗರು ಕಂಪ್ಯೂಟರಿನಲ್ಲೂ ಹಾಗೆಯೇ, ಹೋಬಳಿಯ ಹೆಸರಿನ ಫೋಲ್ಡರಿನೊಳಗೆ ಊರು, ಊರಿನೊಳಗೆ ಮನೆ, ಮನೆಯೊಳಗೆ ಅಪ್ಪ, ಅಪ್ಪನೊಳಗೆ ತಾನು ಎಂದು ಕಟ್ಟಿಕೊಂಡು ಹೋಗಿದ್ದರು. ವಿಂಡೋಸಿಗೆ ಒಂದು ವಿಳಾಸ ಇನ್ನೂರ ಅರವತ್ತು ಅಕ್ಷರ ದಾಟಿದರೆ ಆಗುವುದಿಲ್ಲವಂತೆ. ಅರ್ಧ ಕ್ಲಾಸಿನ ಪ್ರೋಗ್ರಾಂ ನಿಂತಿತು. ಹೆಸರು ಗಿಡ್ಡ ಮಾಡಿ ಎಂದರು ಅಮಿತಾ. "ಒಂದೇ ಊರಲ್ಲಿ ಮೂರು ಜನ ಪೂರ್ಣೇಶ್ ಇದೀವಿ ಮೇಡಂ, ಮನೆ ಹೆಸ್ರು ಬಿಟ್ರೆ ಯಾರ್ದು ಯಾರಿಗೆ ಹೋಗುತ್ತೋ," ಎಂದ ಒಬ್ಬ. ದುಗ್ಗಪ್ಪ ಎರಡು ದಿನ ಹುಡುಕಿ, ಉದ್ದ ವಿಳಾಸ ಬೇಡ ಎಂದು ಬರೆದಿದ್ದ ಸೊನ್ನೆಯನ್ನು ಹಿಡಿದು ಒಂದು ಮಾಡಿದ. ಮೂವರು ಪೂರ್ಣೇಶರೂ ಅಪ್ಪ, ಮನೆ ಸಮೇತ ಉಳಿದುಕೊಂಡರು.

ಎರಡು ವರ್ಷದ ಹಿಂದೆ ಪ್ರಿನ್ಸಿಪಾಲರು ಒಂದು ಸುತ್ತೋಲೆ ಹೊರಡಿಸಿದರು. ಬೋಧಕೇತರ ಸಿಬ್ಬಂದಿ ಕಂಪ್ಯೂಟರಿನ ಒಳಗಿನ ಸೆಟ್ಟಿಂಗು ಮುಟ್ಟಕೂಡದು, ಪಾಸ್‌ವರ್ಡು ವಿಭಾಗದ ಮುಖ್ಯಸ್ಥರ ಬಳಿಯೇ ಇರತಕ್ಕದ್ದು. ದುಗ್ಗಪ್ಪ ಓದಿ ಸಹಿ ಹಾಕಿದ. ಅವತ್ತೇ ಮಧ್ಯಾಹ್ನ ಪ್ರಿನ್ಸಿಪಾಲರ ಪ್ರಿಂಟರ್ ಕೆಟ್ಟು ಅವನಿಗೇ ಕರೆ ಬಂತು. ಎಲ್ಲರೂ ಅವನಿಂದ ಕೆಲಸ ಮಾಡಿಸಿಕೊಳ್ಳುತ್ತಿದ್ದರು, ಸುತ್ತೋಲೆ ಗೋಡೆಯ ಮೇಲಿತ್ತು. ಇಂಥ ವ್ಯವಸ್ಥೆಗಳ ಬಗ್ಗೆ ನನಗೆ ಮೊದಲಿಂದಲೂ ಸಿಟ್ಟು.

ಕಳೆದ ವರ್ಷ ಏಪ್ರಿಲ್‌ನಲ್ಲಿ ಮೊದಲ ವರ್ಷದ ಹುಡುಗರದ್ದು ಒಂದೇ ಗೋಳು. ಆಜ್ಞೆಗಳನ್ನು ಟೈಪ್ ಮಾಡುವ ಕಪ್ಪು ಕಿಟಕಿ ತೆರೆದರೆ ಅದು ಸಿ ಡ್ರೈವಿನಲ್ಲಿ ನಿಲ್ಲುತ್ತಿತ್ತು, ಅವರ ಫೈಲುಗಳು ಇದ್ದದ್ದು ಡಿ ಡ್ರೈವಿನಲ್ಲಿ. ದಿನಕ್ಕೆ ನಲವತ್ತು ಸಲ "ದುಗ್ಗಪ್ಪಣ್ಣ, ಫೈಲ್ ಸಿಕ್ತಾ ಇಲ್ಲ" ಎಂಬ ಕೂಗು. ದುಗ್ಗಪ್ಪ ರಿಜಿಸ್ಟ್ರಿಯಲ್ಲಿ ಒಂದು ಸಾಲು ಸೇರಿಸಿದ. ಕಪ್ಪು ಕಿಟಕಿ ಯಾವಾಗ ತೆರೆದರೂ ಅದು ತಾನಾಗಿ ಡಿ ಡ್ರೈವಿಗೆ ಹೋಗಿ ನಿಲ್ಲಬೇಕು, ಅಷ್ಟು. ಏಳನೇ ನಂಬರಿನ ಯಂತ್ರ ಮಾತ್ರ ಯಾರೋ ದಾನ ಕೊಟ್ಟದ್ದು, ಅದರಲ್ಲಿ ಡಿ ಡ್ರೈವೇ ಇರಲಿಲ್ಲ. ಅದನ್ನು ಬಿಟ್ಟ. ಕೂಗು ನಿಂತಿತು. ಎಲ್ಲರಿಗೂ ಸುಖವಾಯಿತು.

ಜೂನ್ ಹನ್ನೊಂದಕ್ಕೆ ಕೊನೆಯ ವರ್ಷದವರ ಪ್ರಾಜೆಕ್ಟ್ ಪರೀಕ್ಷೆ. ಮೂವತ್ತು ಮಕ್ಕಳು ಮನೆಯಲ್ಲಿ, ತಂತಮ್ಮ ಲ್ಯಾಪ್‌ಟಾಪಿನಲ್ಲಿ ನಾಲ್ಕು ತಿಂಗಳು ಕೂತು ಮಾಡಿದ ಪ್ರೋಗ್ರಾಂಗಳನ್ನು ಲ್ಯಾಬಿನ ಯಂತ್ರದಲ್ಲಿ ಓಡಿಸಿ ತೋರಿಸಬೇಕು. ಹಿಂದಿನ ದಿನ ಅವುಗಳನ್ನು ಪೆನ್‌ಡ್ರೈವಿನಿಂದ ಎಲ್ಲ ಯಂತ್ರಕ್ಕೂ ಹಾಕುವ ಕೆಲಸವನ್ನು ಅಮಿತಾ ತಮ್ಮ ನೆಚ್ಚಿನ ವಿದ್ಯಾರ್ಥಿನಿ ಸೌಜನ್ಯಾಗೆ ವಹಿಸಿದರು. ನಗರ ಹೋಬಳಿಯ ಕಡೆಯ ಹುಡುಗಿ, ತಾಯಿ ಅಂಗನವಾಡಿಯಲ್ಲಿ ಸಹಾಯಕಿ. ಸಾಗರದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯವರು ಪರೀಕ್ಷೆ ಮುಗಿದ ಕೂಡಲೇ ಬಾ ಎಂದು ಅವಳಿಗೆ ಹೇಳಿಟ್ಟಿದ್ದರು. ಪಾಸ್‌ವರ್ಡು ಬೇಕಿತ್ತು, ಸುತ್ತೋಲೆ ಏನೇ ಹೇಳಿದರೂ ಅದು ಇದ್ದದ್ದು ದುಗ್ಗಪ್ಪನ ಬಳಿ, ಅವನೇ ಕೊಟ್ಟ. ಸಂಜೆ ಐದರವರೆಗೆ ಅವಳೊಬ್ಬಳೇ ಲ್ಯಾಬಿನಲ್ಲಿದ್ದಳು.

ಮರುದಿನ ಬೆಳಿಗ್ಗೆ ಗಾಳಿಗೆ ಲೈನಿನ ಮೇಲೆ ಮರ ಬಿದ್ದು ಕರೆಂಟಿರಲಿಲ್ಲ. ಒಮ್ಮೆ ಓಡಿಸಿ ನೋಡೋಣ ಎಂದರೂ ಆಗಲಿಲ್ಲ. ಕರೆಂಟು ಬಂದದ್ದು ಹತ್ತಕ್ಕೆ, ಸಾಗರದಿಂದ ಪರೀಕ್ಷಕರು ಬಂದದ್ದೂ ಹತ್ತಕ್ಕೆ. ನಾನು ಕೊಠಡಿ ಮೇಲ್ವಿಚಾರಕ. ಹತ್ತೂ ಕಾಲಿಗೆ ಇಪ್ಪತ್ತೊಂಬತ್ತು ಪರದೆಗಳ ಮೇಲೆ ಒಂದೇ ತಕರಾರು, ಫೈಲ್ ಸಿಗುತ್ತಿಲ್ಲ. ಫೈಲು ಎದುರಿಗೇ ಇದೆ, ಮಕ್ಕಳು ಬೆರಳಿಟ್ಟು ತೋರಿಸುತ್ತಿದ್ದಾರೆ, ಆದರೂ ಸಿಗುತ್ತಿಲ್ಲ. ಓಡಿದ್ದು ಒಂದೇ ಪ್ರಾಜೆಕ್ಟು. ಏಳನೇ ನಂಬರಿನಲ್ಲಿ ಕೂತ ಸೌಜನ್ಯಾದು.

"ನಿಂದೊಂದೇ ಹೆಂಗೆ ಓಡ್ತು?" ಎಂದರು ಅಮಿತಾ.

"ನಂಗೊತ್ತಿಲ್ಲ ಮೇಡಂ."

"ನಿನ್ನೆ ಪಾಸ್‌ವರ್ಡ್ ಇದ್ದಿದ್ದು ನಿನ್ನತ್ರ ಅಲ್ವಾ?"

ಹುಡುಗಿಯ ಮುಖ ಬಿಳುಚಿಕೊಂಡಿತು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ಲು ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು. ಪ್ರಿನ್ಸಿಪಾಲರು ಬಂದರು, ಎರಡು ನಿಮಿಷ ಕೇಳಿದರು, ತೀರ್ಮಾನಿಸಿದರು. "ಮಾಡಿದ್ದುಣ್ಣೋ ಮಹರಾಯ. ಮಾಲ್‌ಪ್ರಾಕ್ಟೀಸ್ ಫಾರಂ ತುಂಬಿ." ಅದು ವಿಶ್ವವಿದ್ಯಾಲಯಕ್ಕೆ ಹೋದರೆ ಅವಳ ಮೂರು ವರ್ಷದ ಓದು ನೀರಲ್ಲಿ ಹೋಮ ಮಾಡಿದ ಹಾಗೆ. ನನ್ನ ಅಕ್ಷರ ದುಂಡಗಿದೆ ಎಂದು ಫಾರಂ ನನ್ನ ಕೈಗೆ ಕೊಟ್ಟರು. ನಾನು ಬರೆಯತೊಡಗಿದೆ. ಹೆಸರು, ನೋಂದಣಿ ಸಂಖ್ಯೆ, ಅಪರಾಧದ ವಿವರ. ಅವಳೇ ಮಾಡಿದ್ದಾಳೆ ಎಂದು ನಾನೂ ನಂಬಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಪರೀಕ್ಷಕರಿಗೆ ಟೀ ತರಲು ಹೋಗಿದ್ದ ದುಗ್ಗಪ್ಪ ಫ್ಲಾಸ್ಕು ಹಿಡಿದು ಬಂದದ್ದು ಆಗ. ಒಂದು ಪರದೆ ನೋಡಿದ, ಪಕ್ಕದ್ದು ನೋಡಿದ, ಏಳನೆಯದನ್ನು ನೋಡಿದ. ಫ್ಲಾಸ್ಕು ಕೆಳಗಿಟ್ಟು ಬೀರುವಿನಿಂದ ಪುಸ್ತಕ ತೆಗೆದ. ಪುಟ ನೂರ ನಲವತ್ತೊಂದರ ಮೇಲೆ ಬೆರಳಿಟ್ಟು ಓದಿಕೊಂಡ. ಅಲ್ಲಿ ಏನಿತ್ತೆಂದು ನನಗೆ ಆಗ ತಿಳಿಯಲಿಲ್ಲ.

"ಸಾರ್, ಆ ಫಾರಂ ಒಂಚೂರು ನಿಲ್ಸಿ. ನಾನೊಂದ್ಸಲ ನೋಡ್ತೀನಿ," ಎಂದ.

ಮೊದಲ ಯಂತ್ರದ ಮುಂದೆ ಕೂತು ಒಂದು ಸಾಲು ಅಳಿಸಿದ. ಆ ಪ್ರಾಜೆಕ್ಟು ಓಡಿತು. ಎರಡನೆಯದಕ್ಕೆ ಹೋದ, ಮೂರನೆಯದಕ್ಕೆ ಹೋದ. ಮುಕ್ಕಾಲು ಗಂಟೆಯಲ್ಲಿ ಇಪ್ಪತ್ತೊಂಬತ್ತೂ ಓಡಿದವು. ಮಕ್ಕಳು ಚಪ್ಪಾಳೆ ಹೊಡೆದರು. ಪರೀಕ್ಷಕರು ಎದ್ದು ಬಂದು ಕೈ ಕುಲುಕಿದರು.

ಪ್ರಿನ್ಸಿಪಾಲರಿಗೂ ಖುಷಿಯಾಯಿತು. "ಭೇಷ್ ದುಗ್ಗಪ್ಪ! ಆ ಹುಡುಗಿ ಮಾಡಿಟ್ಟಿದ್ದನ್ನ ಹೆಂಗೆ ಬಿಡಿಸ್ದೆ ನೋಡು. ಮೂವತ್ತನೇ ತಾರೀಕು ನಿನ್ನ ಬೀಳ್ಕೊಡುಗೇಲಿ ನಾನೇ ಇದನ್ನ ಹೇಳ್ತೀನಿ." ಆಮೇಲೆ ನನ್ನ ಕಡೆ ತಿರುಗಿ, "ನೀವು ಫಾರಂ ಮುಗಿಸಿ," ಎಂದರು.

ದುಗ್ಗಪ್ಪನ ನಿವೃತ್ತಿಗೆ ಹತ್ತೊಂಬತ್ತು ದಿನ ಉಳಿದಿತ್ತು. ಮೂವತ್ತೊಂದು ವರ್ಷದ ಸೇವಾ ಪುಸ್ತಕದಲ್ಲಿ ಒಂದು ಕೆಂಪು ಗೆರೆಯಿಲ್ಲ. ಅವನು ಏನೂ ಮಾಡಬೇಕಿರಲಿಲ್ಲ. ಸುಮ್ಮನೆ ಫ್ಲಾಸ್ಕು ಎತ್ತಿಕೊಂಡು ಟೀ ಬಗ್ಗಿಸಿದ್ದರೆ ಸಾಕಿತ್ತು. ಸೌಜನ್ಯಾ ಮೂಲೆಯಲ್ಲಿ ನಿಂತು ತನ್ನ ಕೈಬೆರಳು ನೋಡಿಕೊಳ್ಳುತ್ತಿದ್ದಳು, ಅಳುತ್ತಲೂ ಇರಲಿಲ್ಲ.

ದುಗ್ಗಪ್ಪ ಪುಸ್ತಕ ತಂದು ಪ್ರಿನ್ಸಿಪಾಲರ ಮುಂದೆ ತೆರೆದಿಟ್ಟ.

"ಆ ಹುಡ್ಗಿ ಅಲ್ಲ ಸಾರ್. ನಾನು."

ನಾನೂ ಬಗ್ಗಿ ಓದಿದೆ. ಏಪ್ರಿಲ್ ಹದಿನೈದು. ಯಂತ್ರ: ಏಳು ಬಿಟ್ಟು ಎಲ್ಲ. ಹಳೇದು: ಇರಲಿಲ್ಲ. ಹೊಸದು: ಕಪ್ಪು ಕಿಟಕಿ ನೇರ ಡಿ ಡ್ರೈವಿಗೆ. ಯಾಕೆ: ಮಕ್ಕಳಿಗೆ ಫೈಲ್ ಸಿಗುವುದಿಲ್ಲ. ವಾಪಸ್: ಪರೀಕ್ಷೆಗೆ ಮೊದಲು. ಎದುರಿಗೆ ರೈಟ್ ಗುರುತು ಇರಲಿಲ್ಲ.

"ಈ ದೊಡ್ಡ ಪ್ರೋಗ್ರಾಮು ಓಡೋವಾಗ ಹಿಂದ್ಗಡೆ ನಮ್ಗೆ ಕಾಣ್ದಂಗೆ ಅದೇ ಕಪ್ಪು ಕಿಟಕಿ ತೆಗಿತಾವೆ ಸಾರ್. ಅಡುಗೆಮನೆಯಿಂದ ಲೋಟ ತಗಂಬಾ ಅಂದ್ರೆ ಪ್ರತಿ ಸಲ ಕೊಟ್ಟಿಗೆಗೆ ಕರ್ಕೊಂಡು ಹೋಗಿ ನಿಲ್ಸಿದಂಗೆ ಆಗಿದೆ. ಲೋಟ ಎಲ್ಲಿ ಸಿಗುತ್ತೆ? ಏಳನೇದಕ್ಕೆ ನಾನು ಹಾಕಿರ್ಲಿಲ್ಲ, ಅದ್ಕೆ ಇವ್ಳದ್ದು ಓಡ್ತು. ವಾಪಸ್ ತೆಗೀಬೇಕು ಅಂತ ನಾನೇ ಬರ್ದಿದ್ದೆ. ಮರ್ತೆ."

ಪ್ರಿನ್ಸಿಪಾಲರು ಸುತ್ತೋಲೆಯ ಕಡೆ ನೋಡಿದರು. ಅಮಿತಾ ಕಿಟಕಿಯ ಕಡೆ ನೋಡಿದರು. ಏಪ್ರಿಲ್‌ನಲ್ಲಿ ಆ ಕೂಗು ನಿಲ್ಲಿಸು ಮಾರಾಯ ಎಂದು ಹೇಳಿದವರು ಅಮಿತಾ ಅವರೇ. ಅದನ್ನು ದುಗ್ಗಪ್ಪ ಅಂದೂ ಹೇಳಲಿಲ್ಲ, ಎಂದೂ ಹೇಳಲಿಲ್ಲ. ಅಮಿತಾ ತಾವಾಗಿಯೇ ನನಗೆ ತಿಳಿಸಿದ್ದು ಮೂರು ತಿಂಗಳ ಮೇಲೆ.

ನಾನು ಫಾರಂ ಹರಿದೆ. ಸೌಜನ್ಯಾಳ ಹತ್ತಿರ ಹೋಗಿ ತಪ್ಪಾಯಿತಮ್ಮ ಎಂದೆ. ಅವಳು ತಲೆಯಾಡಿಸಿ, "ದುಗ್ಗಪ್ಪಣ್ಣಂಗೆ ಏನ್ ಮಾಡ್ತಾರೆ ಸಾರ್?" ಎಂದು ಕೇಳಿದಳು. ಏನು ಮಾಡುತ್ತಾರೆಂದು ಸಂಜೆಗೆ ಗೊತ್ತಾಯಿತು. ಸುತ್ತೋಲೆ ಮೀರಿದ್ದಕ್ಕೆ ಮೆಮೊ, ಸೇವಾ ಪುಸ್ತಕದಲ್ಲಿ ನಮೂದು. ಅದನ್ನು ಬರೆಯಲಿಕ್ಕೂ ನನ್ನದೇ ದುಂಡಗಿನ ಅಕ್ಷರ ಬೇಕಾಯಿತು.

ಜೂನ್ ಮೂವತ್ತರಂದು ಸಭೆಗೆ ಮುಂಚೆ ಪ್ರಿನ್ಸಿಪಾಲರು ಅವನನ್ನು ಕರೆದರು. ಅವರು ಕೆಟ್ಟವರಲ್ಲ, ಅಷ್ಟು ದಿನಕ್ಕೆ ಮನಸ್ಸು ಮೆತ್ತಗಾಗಿತ್ತು. "ಯಂತ್ರದ ದೋಷದಿಂದ ಆಯ್ತು ಅಂತ ಒಂದು ಸಾಲು ಬರ್ಕೊಡು ದುಗ್ಗಪ್ಪ. ಮೆಮೊ ವಾಪಸ್ ತಗೊಳ್ತೀನಿ, ಚೊಕ್ಕಟವಾಗಿ ಮನೆಗೆ ಹೋಗು." ದುಗ್ಗಪ್ಪ ನೋಡ್ತೀನಿ ಸಾರ್ ಎಂದು ಹೇಳಿ ಹೊರಗೆ ಬಂದ. ಸಭೆಯಲ್ಲಿ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಲ್ಯಾಬ್ ಉಳಿಸಿದ ಕಥೆಯನ್ನು ಯಾರೂ ಹೇಳಲಿಲ್ಲ. ಸೌಜನ್ಯಾ ಸಾಗರದಿಂದ ರಜೆ ಹಾಕಿ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದಳು.

ಸಭೆ ಮುಗಿದ ಮೇಲೆ ಲ್ಯಾಬಿನ ಚಾರ್ಜು ಒಪ್ಪಿಸುವುದಕ್ಕೆ ಸಾಕ್ಷಿಯಾಗಿ ನಾನು ಹೋದೆ. ದುಗ್ಗಪ್ಪ ಬೀಗದ ಕೈ ಗೊಂಚಲು, ಫ್ಲಾಸ್ಕು, ಆಮೇಲೆ ಆ ಪುಸ್ತಕ ಮೇಜಿನ ಮೇಲಿಟ್ಟ. "ಯಾವ್ದು ಎಲ್ಲಿ ತಿರುಗ್ಸಿದೀನಿ ಎಲ್ಲ ಇದ್ರಲ್ಲಿದೆ ಸಾರ್, ಮುಂದೆ ಬರೋರಿಗೆ ಬೇಕಾಗುತ್ತೆ," ಎಂದು ಹೇಳಿ ಹಣ್ಣಿನ ಬುಟ್ಟಿ ಹಿಡಿದು ಮಾಸ್ತಿಕಟ್ಟೆಯ ಬಸ್ಸಿಗೆ ಹೋದ. ಒಂದು ಸಾಲು ಬರೆದುಕೊಟ್ಟನೇ ಎಂದು ನಾನು ಕೇಳಿರಲಿಲ್ಲ. ಪುಸ್ತಕ ತೆರೆದೆ. ಪುಟ ನೂರ ನಲವತ್ತೊಂದರಲ್ಲಿ ತಡವಾದ ರೈಟ್ ಗುರುತು ಬಿದ್ದಿತ್ತು. ಅದರ ಕೆಳಗೆ ಕೊನೆಯ ನಮೂದು, ಅದೇ ಆರು ಅಂಕಣದಲ್ಲಿ.

ದಿನ: ಜೂನ್ ಹನ್ನೊಂದು. ಯಂತ್ರ: ದುಗ್ಗಪ್ಪ. ಹಳೇದು: ಮೆಮೊ ಸೊನ್ನೆ. ಹೊಸದು: ಒಂದು. ಯಾಕೆ: ಮರೆತದ್ದಕ್ಕೆ. ವಾಪಸ್: ಬೇಡ.