ಜೋಲಾಡುತ್ತಿದ್ದ ತಂತಿ

ದೊಡ್ಡಬಳ್ಳಾಪುರದ ನೇಕಾರ ಕೋದಂಡರಾಮಯ್ಯನವರ ಮನೆಗೆ ಸೊಸೆಯಾಗಿ ಬರುವಾಗ ರಂಜಿತಳ ಬಳಿ ನೆಟ್‌ವರ್ಕಿಂಗ್ ಡಿಪ್ಲೊಮಾ ಇತ್ತು. ಅದು ಬೀರುವಿನಲ್ಲಿ ಮಲಗಿತು. ಅವಳು ಆರು ವರ್ಷ ಅಡುಗೆ ಮಾಡಿದಳು, ಮಗ್ಗದ ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತಿದಳು. ಅದನ್ನು ಯಾರೂ ಕೆಲಸ ಎಂದು ಕರೆಯಲಿಲ್ಲ. ಹೊಸ ಸೀರೆಯ ಡಿಸೈನ್ ಬಂದಾಗಲೆಲ್ಲ ಪೆನ್‌ಡ್ರೈವ್ ಹಿಡಿದು, ನಾಲ್ಕು ಮಗ್ಗಗಳ ನೆತ್ತಿಯಲ್ಲಿ ಕೂತು ಡಿಸೈನ್ ಮೂಡಿಸುವ ಜಕಾರ್ಡ್ ಯಂತ್ರಕ್ಕೆ ಏಣಿ ಹತ್ತಿಳಿಯುವವಳೂ ಅವಳೇ.

ಕೊನೆಗೆ ಹಠ ಹಿಡಿದು ಕೇಬಲ್ ಎಳೆದಳು. ಕಂಪ್ಯೂಟರಿನಿಂದ ಒಂದು ತಂತಿ ಎಂಟು ತೂತಿನ ಸ್ವಿಚ್ ಪೆಟ್ಟಿಗೆಗೆ, ಅಲ್ಲಿಂದ ಮಗ್ಗಕ್ಕೊಂದು ತಂತಿ. ಪ್ರತಿ ಮಗ್ಗಕ್ಕೂ ಒಂದು ವಿಳಾಸ. ಡಿಸೈನು ಚೂರುಚೂರಾಗಿ ಹೊರಡುತ್ತದೆ. ಪೆಟ್ಟಿಗೆ ಪ್ರತಿ ಚೂರಿನ ಮೇಲಿನ ವಿಳಾಸ ಓದಿ ಆಯಾ ಮಗ್ಗಕ್ಕೆ ಮಾತ್ರ ಕಳಿಸುತ್ತದೆ. ಯಾವ ವಿಳಾಸ ಎಲ್ಲಿದೆ ಎಂದು ಕಂಪ್ಯೂಟರ್ ಕೇಳುವ ಕೂಗನ್ನು ಮಾತ್ರ ಎಲ್ಲ ತಂತಿಗೂ ಬಿಡುತ್ತದೆ.

ಹದಿನೈದು ದಿನ ಚೆನ್ನಾಗಿ ನಡೆಯಿತು. ಆಮೇಲೊಂದು ಸೋಮವಾರ ಒಂದು ಮಗ್ಗಕ್ಕೂ ಡಿಸೈನ್ ತಲುಪಲಿಲ್ಲ. ಬೆಂಗಳೂರಿನಿಂದ ಮೆಕ್ಯಾನಿಕ್ ಕರೆಸಿ ಎಲ್ಲ ಅವನಿಗೇ ವಹಿಸೋಣ ಅಂದ ಗಂಡ ಸಂತೋಷ್. ಹೆಂಗಸರಿಗೆ ಇದೆಲ್ಲ ಯಾಕೆ ಎಂದು ಮಾವ ದನಿಗೂಡಿಸಿದರು. ಮೆಕ್ಯಾನಿಕ್ ಬಂದರೆ ತಾನು ಮತ್ತೆ ಕಂಡಿಕೆಗೇ ಎಂಬುದು ರಂಜಿತಳಿಗೆ ಗೊತ್ತಿತ್ತು. ಒಲೆ ಆರಿಸಿ ಬಂದಳು.

ಪೆಟ್ಟಿಗೆಯ ದೀಪಗಳೆಲ್ಲ ಹುಚ್ಚು ಹಿಡಿದಂತೆ ಮಿಣುಕುತ್ತಿದ್ದವು. ತಂತಿಗಳನ್ನು ಒಂದೊಂದಾಗಿ ಸವರಿ ನೋಡಿದಳು. ಮುಂದೆ ಐದನೇ ಮಗ್ಗ ಬಂದರೆ ಇರಲಿ ಎಂದು ಒಂದು ತುದಿ ಮಾತ್ರ ಸಿಕ್ಕಿಸಿ ಬಿಟ್ಟಿದ್ದ ತಂತಿಯ ಎರಡೂ ತುದಿ ಈಗ ಅದೇ ಪೆಟ್ಟಿಗೆಯಲ್ಲಿದ್ದವು. ಯಾರು ಸಿಕ್ಕಿಸಿದ್ದು ಎಂದು ಕೇಳಿದಳು.

“ನಾನೇ ಕಣಮ್ಮ. ತುದಿ ಜೋಲಾಡ್ತಿತ್ತು. ನೇಯೋನು ಕಿತ್ತೋದ ಎಳೆ ನೋಡ್ಕೊಂಡು ಸುಮ್ನೆ ಇರ್ತಾನಾ?” ಅಂದರು ಮಾವ.

“ಒಂದು ಕೂಗು ಇಲ್ಲಿಂದ ಹೊರಟು ಇಲ್ಲಿಗೇ ಬರ್ತಿದೆ ಮಾವ. ಮತ್ತೆ ಹೊರಡ್ತಿದೆ, ಒಂದು ಹತ್ತಾಗ್ತಿದೆ. ಆ ಗಲಾಟೇಲಿ ಡಿಸೈನಿಗೆ ದಾರೀನೇ ಇಲ್ಲ.”

ಹಾಗಾದರೆ ಕಿತ್ತುಹಾಕು ಅಂದರು ಅವರು. ರಂಜಿತ ತಂತಿ ಹಿಡಿದಳು, ಕೀಳಲಿಲ್ಲ.

“ಕೀಳ್ತೀನಿ. ಆದ್ರೆ ಇನ್ಮೇಲೆ ಕಂಪ್ಯೂಟರ್ ಮುಂದಿನ ಈ ಕುರ್ಚಿ ನಂದು. ಮೆಕ್ಯಾನಿಕ್ ಬೇಡ. ಅಡುಗೆ, ಕಂಡಿಕೆ ಎಲ್ಲರೂ ಹಂಚ್ಕೋಬೇಕು. ಆಗಲ್ಲ ಅಂದ್ರೆ ಪೆನ್‌ಡ್ರೈವ್ ಅಲ್ಲಿದೆ, ಏಣೀನೂ ಇದೆ. ನೀವೇ ಹತ್ತಿ.”

ಸಂತೋಷ್ ನಗಲು ನೋಡಿದ. ಯಾರೂ ಜೊತೆಗೂಡಲಿಲ್ಲ. ಕೋದಂಡರಾಮಯ್ಯ ಏಣಿಯನ್ನೊಮ್ಮೆ, ತಮ್ಮ ಮಂಡಿಯನ್ನೊಮ್ಮೆ ನೋಡಿಕೊಂಡರು.

“ಕೂತ್ಕೊಳಮ್ಮ,” ಅಂದರು.

ತಂತಿ ಕಿತ್ತಳು. ದೀಪಗಳು ತಣ್ಣಗಾದವು. ಮೊದಲ ಮಗ್ಗಕ್ಕೆ ಡಿಸೈನ್ ಹೊರಟಿತು. ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಡಬ್ಬಿಗಳ ಸದ್ದಿನ ನಡುವಿನಿಂದ, ಸಾಸಿವೆ ಎಲ್ಲಿದೆ ಎಂದು ಸಂತೋಷ್ ಕೂಗಿ ಕೇಳಿದ.

“ಹುಡುಕ್ರೀ,” ಅಂದಳು ರಂಜಿತ, ತಲೆ ಎತ್ತದೆ.